ಅವ್ವ ಡಾಕ್ಟರಿಗೆ ಹೇಳಿದ್ದು

ಚಳ್ಳಕೆರೆಗೆ ಹೋದರೆ ನನಗೆ ನನ್ನ ಮೂಗಿನ ಮೇಲೇ ನಂಬಿಕೆ ಇರುವುದಿಲ್ಲ. ಫಿಟ್ಸ್ ಬರುವ ಮುಂಚೆ ನನಗೊಂದು ವಾಸನೆ ಬರುತ್ತದೆ, ಎಣ್ಣೆ ಸೀದ ವಾಸನೆ. ಪಕ್ಕದಲ್ಲಿದ್ದವರಿಗೆ ಬರುವುದಿಲ್ಲ, ನನಗೊಬ್ಬನಿಗೇ. ಅದು ಬಂದ ಅರ್ಧ ನಿಮಿಷದೊಳಗೆ ನಾನು ಎಲ್ಲಾದರೂ ಕೂರಬೇಕು, ಇಲ್ಲವಾದರೆ ನಿಂತಲ್ಲೇ ಬೀಳುತ್ತೇನೆ. ಊರ ತುಂಬ ಶೇಂಗಾ ಎಣ್ಣೆ ಗಿರಣಿಗಳಿರುವ ಚಳ್ಳಕೆರೆಯಲ್ಲಿ ಇಂಥ ಮೂಗು ಹೊತ್ತುಕೊಂಡು ಓಡಾಡುವುದು ಹೇಗೆ? ಬಸ್ಸಿಳಿದ ಮೇಲೆ ಸಿಕ್ಕ ಸಿಕ್ಕ ಅಂಗಡಿಯ ಕಟ್ಟೆಯ ಮೇಲೆ ಕೂರುತ್ತ ಹೋಗುತ್ತೇನೆ. ಏನೂ ಆಗದಿದ್ದರೆ ಅದು ಗಿರಣಿ, ಏನಾದರೂ ಆದರೆ ಫಿಟ್ಸ್. ನೋಡಿದವರು ಈ ವಯಸ್ಸಿಗೇ ಇವನಿಗೆ ಮಂಡಿ ಹೋಗಿದೆ ಎಂದುಕೊಳ್ಳುತ್ತಾರೆ. ಹಾಗೆ ಅಂದುಕೊಂಡರೇ ವಾಸಿ.

ಒಮ್ಮೆ ಲೆಕ್ಕ ತಪ್ಪಿತು. ಗಿರಣಿ ಎಂದುಕೊಂಡು ನಡೆಯುತ್ತಲೇ ಇದ್ದೆ. ಎಚ್ಚರವಾದಾಗ ಬಸ್ ಸ್ಟ್ಯಾಂಡಿನ ನೆಲದ ಮೇಲಿದ್ದೆ. ಕೈಯಲ್ಲಿ ಯಾರದೋ ಕೀಲಿಗೊಂಚಲು, ಮೂಗಿನ ಹತ್ತಿರ ಯಾರದೋ ಚಪ್ಪಲಿ, ಸುತ್ತ ಬರೀ ಕಾಲುಗಳು. ನನ್ನ ಹಸಿರು ಬ್ಯಾಗು ನೋಡಿ ಒಬ್ಬ ಹೇಳುತ್ತಿದ್ದ, "ಮಿಲಿಟ್ರಿಯವ್ನು ಕಣ್ರಲೇ. ಕ್ಯಾಂಟೀನ್ ಸರಕು ಬೆಳಗ್ಗೇನೇ ಏರ್ಸವ್ನೆ." ನಾನು ಕುಡಿಯುವವನಲ್ಲ, ನನ್ನ ಮಾತ್ರೆಗಳಿಗೂ ಕುಡಿತಕ್ಕೂ ಆಗಿಬರುವುದಿಲ್ಲ. ಆದರೆ ಪ್ಯಾಂಟು ಒದ್ದೆಯಾಗಿ ನೆಲದಲ್ಲಿ ಬಿದ್ದವನ ಮಾತು ಯಾರು ಕೇಳುತ್ತಾರೆ? ಹೂ ಮಾರುವ ಹೆಂಗಸೊಬ್ಬಳು ತನ್ನ ಹೂವಿನ ಬುಟ್ಟಿಯ ಒದ್ದೆ ಬಟ್ಟೆಯನ್ನು ನನ್ನ ಸೊಂಟದ ಮೇಲೆ ಹಾಕಿ, "ನೋಡಿದ್ದಾಯ್ತಲ್ಲ, ನಡೀರಿ" ಎಂದು ಎಲ್ಲರನ್ನೂ ಓಡಿಸಿದಳು. ಅವಳ ಹೆಸರು ಕೇಳಲೂ ನನಗೆ ಆಗ ಬುದ್ಧಿ ಸ್ತಿಮಿತದಲ್ಲಿರಲಿಲ್ಲ.

ಕರುಣೆ ಬೇಕೆಂದು ಇದನ್ನು ಬರೆಯುತ್ತಿಲ್ಲ. ಸೈನ್ಯದಿಂದ ಕಾಯಿಲೆ ಹೊತ್ತು ಬಂದು, ಅದು ಸೈನ್ಯದಲ್ಲೇ ಬಂದದ್ದೆಂದು ರುಜುವಾತು ಮಾಡಲು ಕಾಗದ ಹಿಡಿದು ಬೆಂಚುಗಳ ಮೇಲೆ ಕೂತವರು ನಮ್ಮ ಕಡೆ ಇನ್ನೂ ಇದ್ದಾರೆ. ಅವರಲ್ಲಿ ಒಬ್ಬರಾದರೂ ಇದನ್ನು ಓದಿ, ಮನೆಯವರನ್ನು ನನ್ನಷ್ಟು ಕೆಟ್ಟದಾಗಿ ನಡೆಸಿಕೊಳ್ಳದಿದ್ದರೆ ಸಾಕು.

ನಮ್ಮದು ಮೊಳಕಾಲ್ಮೂರು. ಮನೆಯ ನಡುವೆ ಗುಂಡಿಯಲ್ಲಿ ಕಾಲಿಳಿಬಿಟ್ಟು ನೇಯುವ ಕುಣಿ ಮಗ್ಗ, ಅದರ ಸುತ್ತ ಉಳಿದ ಜಾಗದಲ್ಲಿ ನಾವು. ನಾನು ಶಾಲೆಯಲ್ಲಿದ್ದಾಗಲೇ ಅಪ್ಪ ತೀರಿಕೊಂಡ. ಆಮೇಲೆ ಅವ್ವನೊಬ್ಬಳೇ ಮಗ್ಗ ನಡೆಸಿ, ರೇಷ್ಮೆ ಸೀರೆ ನೇಯ್ದು ನನ್ನನ್ನು ಸಾಕಿದಳು. ಇಪ್ಪತ್ತಕ್ಕೆ ನಾನು ಸೈನ್ಯ ಸೇರಿದೆ. ಮಗ್ಗದ ಕುಣಿಯಿಂದ ಮೇಲೆದ್ದು ಬೆಟ್ಟ ಹತ್ತಿದವನು ನಮ್ಮ ಕೇರಿಯಲ್ಲಿ ನಾನೊಬ್ಬನೇ ಎಂದು ಆಗ ಭಾರಿ ಜಂಬ ಇತ್ತು.

ಒಂಬತ್ತು ವರ್ಷ ಏಳು ತಿಂಗಳು ಕೆಲಸ ಮಾಡಿದೆ. ಮೊದಲ ಫಿಟ್ಸ್ ಬಂದದ್ದು ಹಿಮದ ನಡುವಿನ ಒಂದು ಪೋಸ್ಟಿನಲ್ಲಿ, ಬೆಳಗಿನ ತಿಂಡಿಯ ಸಾಲಿನಲ್ಲಿ. ತಟ್ಟೆ ಹಿಡಿದು ನಿಂತಿದ್ದೆ, ಎಣ್ಣೆ ಸೀದ ವಾಸನೆ ಬಂತು. ಇವತ್ತು ಪೂರಿ ಕರಕಲು ಮಾಡಿದ್ದಾನೆ ಎಂದು ಅಡುಗೆಯವನನ್ನು ಬೈಯಲು ಬಾಯಿ ತೆರೆದದ್ದು ನೆನಪಿದೆ. ಆಮೇಲೆ ನೆನಪಿರುವುದು ಸ್ಟ್ರೆಚರಿನ ಪಟ್ಟಿಗಳು. ಕೆಳಗಿಳಿಸುವಷ್ಟರಲ್ಲಿ ಇನ್ನೂ ಎರಡು ಸಲ ಬಂದಿತ್ತಂತೆ. ಒಂದು ಆಸ್ಪತ್ರೆಯಿಂದ ಇನ್ನೊಂದು, ಅಲ್ಲಿಂದ ಮತ್ತೊಂದು, ಕೊನೆಗೆ ಬೆಂಗಳೂರಿನ ಮಿಲಿಟರಿ ಆಸ್ಪತ್ರೆಗೆ ಕಳಿಸಿದರು. ಅಲ್ಲಿಗೆ ಅವ್ವನೂ ನನ್ನ ಹೆಂಡತಿ ಲಕ್ಷ್ಮೀದೇವಿಯೂ ಬಂದರು.

ಅವ್ವ ಬೆಂಗಳೂರು ನೋಡಿದ್ದು ಅದೇ ಮೊದಲು. ಹೆದರಿರುತ್ತಾಳೆ ಎಂದುಕೊಂಡಿದ್ದೆ. ಹಾಗೇನೂ ಇರಲಿಲ್ಲ. ವಾರ್ಡಿಗೆ ಬಂದವಳೇ ನನ್ನ ಹಣೆಗೆ ಕುಂಕುಮ ಹಚ್ಚಿ, ಪಕ್ಕದ ಮಂಚದ ಪಂಜಾಬಿಯ ಹಣೆಗೂ ಹಚ್ಚಿದಳು. ಅವನು ಪಾಪ ಏನೂ ತಿಳಿಯದೆ ಕೈ ಮುಗಿದ. ಅಷ್ಟರಲ್ಲಿ ಚಿಕ್ಕ ವಯಸ್ಸಿನ ಡಾಕ್ಟರ್ ಸಾಹೇಬರು ಬಂದರು. ಅವರಿಗೆ ಕನ್ನಡ ಬಾರದು. ಧಾರವಾಡದ ಕಡೆಯ ನರ್ಸಿಂಗ್ ಅಸಿಸ್ಟೆಂಟ್ ಒಬ್ಬ ನಡುವೆ ನಿಂತು ಕೇಳಿದ, "ಚಿಕ್ಕಂದಿನಾಗ ಇವರಿಗೆ ಹಿಂಗ ಏನರ ಆಗಿತ್ತೇನವಾ?"

ಅವ್ವ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. "ಆಗಿತ್ತಪ್ಪಾ. ಹನ್ನೊಂದು ತಿಂಗಳ ಕೂಸು. ಮೈ ಕೆಂಡದಂಗೆ ಸುಡ್ತಿತ್ತು. ಕಣ್ಣು ಮೇಲಾಕ್ಕೊಂಡು ಸೆಟ್ಕೊಂಬಿಡ್ತು. ಎತ್ಕೊಂಡು ಗೌರಸಮುದ್ರಕ್ಕೆ ಓಡಿದೆ. ಮಾರಮ್ಮನ ಮುಂದೆ ಮಲಗ್ಸಿ ಹೇಳ್ದೆ, ಉಳಿಸ್ಕೊಡು ತಾಯಿ, ನಿನ್ನ ಹೆಸರೇ ಇಡ್ತೀನಿ, ನನ್ನ ಕೈ ಆಡೋ ತನಕ ವರ್ಷಕ್ಕೊಂದು ರವಿಕೆ ಕಣ ನಾನೇ ನೇಯ್ದು ತಂದು ಕೊಡ್ತೀನಿ ಅಂತ. ಅಷ್ಟು ಹೇಳಿದ್ದೇ ತಡ, ಕೂಸು ಚೀರ್ತು ನೋಡು. ವೆಂಕಟೇಶ ಅಂತ ಇದ್ದೋನು ಅವತ್ತಿಂದ ಮಾರಣ್ಣ ಆದ. ಆವತ್ತು ಓಡ್ಸಿದೋಳು ಇವತ್ತೂ ಓಡಿಸ್ತಾಳೆ. ನೀವೇನು ಹೆದರ್ಬ್ಯಾಡ್ರಿ ಅಂತ ಸಾಹೇಬ್ರಿಗೆ ಹೇಳು."

ಅವನು ಹೇಳಿದ. ಸಾಹೇಬರು ಬರೆದುಕೊಂಡರು. ನನಗೆ ಇಂಜೆಕ್ಷನ್ನಿನ ಮಂಪರು. ಅರ್ಧಂಬರ್ಧ ಕೇಳಿಸಿಕೊಳ್ಳುತ್ತ ಮಲಗಿದ್ದವನಿಗೆ ಅವ್ವನ ಮೇಲೆ ಹೆಮ್ಮೆಯೇ ಆಯಿತು, ಡಾಕ್ಟರಿಗೇ ಧೈರ್ಯ ಹೇಳುತ್ತಿದ್ದಾಳಲ್ಲ ಎಂದು.

ನಮ್ಮ ಕಡೆ ಯಾವ ತಾಯಿಯನ್ನು ಕೇಳಿದರೂ ಇದನ್ನೇ ಹೇಳುತ್ತಿದ್ದಳು. ಹರಕೆ ಫಲಿಸಿದ್ದನ್ನು ಕೇಳಿದವರಿಗೆ ಹೇಳಬೇಕು, ಮುಚ್ಚಿಟ್ಟರೆ ದೋಷ. ಉಪಕಾರ ಮಾಡಿದವಳ ಹೆಸರು ಹೇಳದೆ ಹೋಗುವುದುಂಟೇ? ಅವ್ವ ಆ ಕಥೆಯನ್ನು ಬಳೆಗಾರನಿಗೂ ಹೇಳಿದ್ದಾಳೆ, ಜನಗಣತಿಗೆ ಬಂದ ಮೇಷ್ಟ್ರಿಗೂ ಹೇಳಿದ್ದಾಳೆ.

ಕೆಲವು ತಿಂಗಳಾದ ಮೇಲೆ ವೈದ್ಯಕೀಯ ಮಂಡಳಿಯ ಮುಂದೆ ನಿಲ್ಲಿಸಿದರು. ಮೂವರು ಅಧಿಕಾರಿಗಳು, ಒಂದು ಉದ್ದನೆಯ ಮೇಜು. ಟೀ ಆರುವಷ್ಟರಲ್ಲಿ ನನ್ನ ಕೆಲಸ ಮುಗಿಯಿತು. ತೋರಿಸಿದ ಕಡೆ ಸಹಿ ಹಾಕಿದೆ. ಕಾಗದದಲ್ಲಿದ್ದದ್ದು ಇಷ್ಟೇ: ಈ ಕಾಯಿಲೆ ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ. ಇನ್ನು ಮುಂದೆ ಇವನು ಸೇವೆಗೆ ಯೋಗ್ಯನಲ್ಲ. ಅಂದರೆ ಮನೆಗೆ ಕಳಿಸುವಷ್ಟು ದೊಡ್ಡ ಕಾಯಿಲೆ, ಪಿಂಚಣಿ ಕೊಡುವಷ್ಟು ದೊಡ್ಡದಲ್ಲ. ಪಿಂಚಣಿ ಇಲ್ಲದವನಿಗೆ ಮಾಜಿ ಸೈನಿಕರ ಚಿಕಿತ್ಸೆಯ ಕಾರ್ಡೂ ಇಲ್ಲ. ಸಾಯುವವರೆಗೆ ದಿನಕ್ಕೆರಡು ಹೊತ್ತು ನುಂಗಬೇಕಾದ ಮಾತ್ರೆಗಳನ್ನು ನಾನೇ ಹುಡುಕಿಕೊಳ್ಳಬೇಕು. ಹತ್ತು ವರ್ಷ ತುಂಬಿದ್ದರೆ ಬೇರೆ ಮಾತಿತ್ತಂತೆ. ಇನ್ನೈದು ತಿಂಗಳು ತಡೆದು ಬೀಳಬಾರದಿತ್ತೇ ಎಂದು ಹೊರಗೆ ಕೂತಿದ್ದ ಒಬ್ಬ ನಗುತ್ತ ಹೇಳಿದ. ಅವನಿಗೊಂದು ಕಾಲಿರಲಿಲ್ಲ, ನಗುವ ಹಕ್ಕು ಅವನಿಗಿತ್ತು.

ಊರಿಗೆ ಬಂದೆ. ಮಗ್ಗಕ್ಕೆ ಇಳಿಯುವಂತಿರಲಿಲ್ಲ. ಕಾಲು ಕುಣಿಯಲ್ಲಿದ್ದಾಗ ಫಿಟ್ಸ್ ಬಂದರೆ ಮುಖ ಮರದ ಹಲಗೆಗೆ ಹೊಡೆಯುತ್ತದೆ. ಒಂದು ಸಲ ಹೊಡೆದೂ ಇತ್ತು. ನಾನು ಕೂರಬೇಕಾದ ಜಾಗಕ್ಕೆ ಲಕ್ಷ್ಮೀದೇವಿ ಇಳಿದಳು. ಆಂಧ್ರದ ರಾಯದುರ್ಗದವಳು, ತೆಲುಗು ಬೆರೆಸಿ ಮಾತಾಡುವವಳು, ಮಗ್ಗದ ಮನೆಯ ಮಗಳೇ. "ನೀವು ಕಂಡಿಕೆ ಸುತ್ತಿಕೊಡಿ ಸಾಕು, ಏಮಂಡೀ" ಎಂದು ನೂಲಿನ ರಾಟೆಯನ್ನು ನನ್ನ ಮುಂದಿಟ್ಟಳು. ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುವುದು ಮಕ್ಕಳ, ಮುದುಕರ ಕೆಲಸ. ಚಳ್ಳಕೆರೆಯ ಒಂದು ಗಿರಣಿಯಲ್ಲಿ ಗಾರ್ಡ್ ಕೆಲಸ ಸಿಕ್ಕಿತ್ತು. ಎಂಟು ದಿನ ಸೆಲ್ಯೂಟ್ ಹೊಡೆದೆ, ಒಂಬತ್ತನೆಯ ದಿನ ಗೇಟಿನಲ್ಲೇ ಬಿದ್ದೆ. ಯಜಮಾನರು ಕಾರು ಮಾಡಿ ಮನೆಗೆ ಕಳಿಸಿ, ಹುಷಾರಾದ ಮೇಲೆ ಬಾ ಎಂದರು. ಹುಷಾರಾಗುವ ಕಾಯಿಲೆಯಲ್ಲ ಇದು ಎಂದು ಅವರಿಗೂ ಗೊತ್ತಿತ್ತು.

ಆಮೇಲೆ ಅರ್ಜಿಗಳ ಕಾಲ. ಮೇಲ್ಮನವಿ ಹಾಕಿದೆ, ವರ್ಷವಾದ ಮೇಲೆ ಅದೇ ಎರಡು ಸಾಲು ವಾಪಸ್ ಬಂತು. ಎರಡನೆಯದು ಹಾಕಿದೆ, ಅದೇ ಸಾಲು, ಬೇರೆ ಸಹಿ. ಸೈನಿಕ ಕಲ್ಯಾಣ ಕಚೇರಿಯ ಬೆಂಚಿನ ಮೇಲೆ ನನ್ನ ಪಕ್ಕ ಕೂರುತ್ತಿದ್ದವರಿಗೆ ತೋರಿಸಲು ಏನಾದರೂ ಇರುತ್ತಿತ್ತು, ಊರುಗೋಲು, ಮಡಚಿ ಪಿನ್ನು ಹಾಕಿದ ಪ್ಯಾಂಟಿನ ಕಾಲು, ಕಪ್ಪು ಕನ್ನಡಕ. ಗುಮಾಸ್ತರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೇಳುತ್ತಿದ್ದರು, "ಅಂಗವಿಕಲ ಅಂತ ಬರ್ದೀರಿ. ಯಾವ ಅಂಗ?" ವಿವರಿಸಿದರೆ, "ನೋಡಾಕೆ ಗಟ್ಟಿಮುಟ್ಟಾಗೇ ಇದೀರಲ್ರೀ." ಒಬ್ಬರಂತೂ ಮರುಕದಿಂದಲೇ ಹೇಳಿದರು, "ಒಂದ್ಸಲ ಇಲ್ಲೇ ಬಂದಿದ್ರೆ ಎಲ್ಲಾರೂ ನೋಡ್ತಿದ್ರು."

ಮುಚ್ಚಿಡುವುದೇಕೆ, ಆ ಬೆಂಚಿನ ಮೇಲೆ ಕೂತು, ಫಿಟ್ಸ್ ಈಗಲೇ ಬರಲಿ ಎಂದು ಬೇಡಿಕೊಂಡಿದ್ದೇನೆ. ಬೆಳಗಿನ ಮಾತ್ರೆ ಬಿಟ್ಟು ಹೋಗಿದ್ದೂ ಉಂಟು. ಬಸ್ಸಿನಲ್ಲಿ ಬಂದಿದೆ, ಬೀಗರ ಮನೆಯ ಪಂಕ್ತಿಯಲ್ಲಿ ಬಂದಿದೆ, ಮಗಳ ಶಾಲೆಯ ಗೇಟಿನಲ್ಲಿ ಬಂದು ಅವಳು ಒಂದು ವಾರ ಶಾಲೆಗೆ ಹೋಗದಂತೆ ಮಾಡಿದೆ. ಕಚೇರಿಯಲ್ಲಿ ಮಾತ್ರ ಒಮ್ಮೆಯೂ ಬರಲಿಲ್ಲ. ನನ್ನ ಫಿಟ್ಸಿಗೆ ನನಗಿಂತ ಹೆಚ್ಚು ಶಿಸ್ತು.

ನಾಲ್ಕು ವರ್ಷ ಹೀಗೆ ಕಳೆದ ಮೇಲೆ ರಫೀಕ್ ಭಾಯ್ ಪರಿಚಯವಾದರು. ಸೈನ್ಯದಲ್ಲಿ ಮೆಕ್ಯಾನಿಕ್ ಆಗಿದ್ದು, ಹವಾಲ್ದಾರರಾಗಿ ನಿವೃತ್ತರಾಗಿ, ಚಳ್ಳಕೆರೆಯ ಮಾರ್ಕೆಟ್ ಯಾರ್ಡಿನ ಹತ್ತಿರ ಡೀಸೆಲ್ ಪಂಪ್ ರಿಪೇರಿಯ ಗ್ಯಾರೇಜು ಇಟ್ಟವರು. ಮಧ್ಯಾಹ್ನದವರೆಗೆ ಪಂಪು, ಆಮೇಲೆ ನಮ್ಮಂಥವರ ಕಾಗದ. ಎರಡಕ್ಕೂ ಅದೇ ಕೈ, ಹಾಗಾಗಿ ಅವರು ತುಂಬಿದ ಫಾರಂಗಳ ಮೂಲೆಯಲ್ಲೆಲ್ಲ ಗ್ರೀಸಿನ ಬೆರಳ ಗುರುತು. "ಸಾಹೇಬ್ರಿಗೂ ಗೊತ್ತಾಗ್ಲಿ, ಕೆಲಸ ಮಾಡೋರು ಕಳ್ಸಿದ್ದು ಅಂತ" ಎನ್ನುತ್ತಿದ್ದರು.

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿಸಿ ಆಸ್ಪತ್ರೆಯ ಕಾಗದಗಳನ್ನೆಲ್ಲ ತರಿಸಿದ್ದು ಅವರೇ. ಒಂದು ಮಧ್ಯಾಹ್ನ ಪುಟ ತಿರುಗಿಸುತ್ತಿದ್ದವರು ನಿಂತರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಮಾರಣ್ಣ, ನಿಮ್ಮವ್ವ ಡಾಕ್ಟ್ರ ಹತ್ರ ಏನಾದ್ರೂ ಹೇಳಿದ್ರೇನೋ?"

"ಏನು ಹೇಳಿದ್ಲು?"

ಅವರು ಇಂಗ್ಲಿಷಿನ ಸಾಲಿನ ಮೇಲೆ ಬೆರಳಿಟ್ಟು ಕನ್ನಡದಲ್ಲಿ ಓದಿದರು. "ತಾಯಿಯ ಹೇಳಿಕೆಯಂತೆ ಶೈಶವದಲ್ಲೇ ಮೂರ್ಛೆ ಬಂದಿತ್ತು." ಆಮೇಲೆ ಕಾಗದ ಕೆಳಗಿಟ್ಟು ಹೇಳಿದರು, "ಇಲ್ಲೈತೆ ನೋಡು ಮೊಳೆ. ಪಂಕ್ಚರ್ ಎಲ್ಲೈತೆ ಅಂತ ನಾಲ್ಕು ವರ್ಷದಿಂದ ಟೈರ್ ತಿರುಗಿಸ್ತಾ ಕೂತಿದ್ದೀಯ. ಹುಟ್ಟಿದಾಗ್ಲಿಂದ ಇದ್ದ ಕಾಯಿಲೆ, ಫೌಜ್‌ಗೇನು ಸಂಬಂಧ ಅಂದುಬಿಟ್ಟವ್ರೆ."

ಆ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ಮನೆಗೆ ಹೋದಾಗ ಅವ್ವ ಆ ವರ್ಷದ ರವಿಕೆ ಕಣಕ್ಕೆ ಜರಿ ಆರಿಸುತ್ತಿದ್ದಳು. ನಾನು ಕೂರಲೂ ಇಲ್ಲ. ಕೇರಿಗೆಲ್ಲ ಕೇಳುವಂತೆ ಕೂಗಾಡಿದೆ.

"ನಾನು ಒಳ್ಳೇದೇ ಹೇಳಿದ್ದು ಕಣಪ್ಪಾ" ಎಂದಳು ಅವ್ವ. "ಆಕೆ ಮಾಡಿದ್ದು ಹೇಳ್ಬಾರ್ದಾ?"

"ಹೇಳು. ಊರಿಗೆಲ್ಲ ಹೇಳು. ನಿನ್ ಬಾಯಿ ನನ್ ಅನ್ನ ಕಿತ್ಕೊಂತು."

ಹೆತ್ತ ತಾಯಿಗೆ ಈ ಮಾತು ಹೇಳಿದೆ. ಲಕ್ಷ್ಮೀದೇವಿ ಮಗ್ಗ ನಿಲ್ಲಿಸಿ ನನ್ನನ್ನು ನೋಡಿದಳು. ಅವ್ವ ಜರಿಯ ಲಡಿಯನ್ನು ನಿಧಾನವಾಗಿ ಕಾಗದದಲ್ಲಿ ಸುತ್ತಿಟ್ಟಳು. ಹನ್ನೊಂದು ದಿನ ನಾನು ಅವಳೊಂದಿಗೆ ಮಾತಾಡಲಿಲ್ಲ. ಹೊತ್ತು ಹೊತ್ತಿಗೆ ಮುದ್ದೆಯ ತಟ್ಟೆಯನ್ನು ನನ್ನ ಮುಂದೆ ತಳ್ಳಿ ಬಾಗಿಲಾಚೆ ಹೋಗಿ ಕೂರುತ್ತಿದ್ದಳು, ನಾನು ಉಂಡ ಮೇಲೆ ಒಳಗೆ ಬರುತ್ತಿದ್ದಳು.

ಪ್ರಕರಣವನ್ನು ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಒಯ್ಯುವುದೆಂದಾಯಿತು. ರಫೀಕ್ ಭಾಯ್ ಗೊತ್ತು ಮಾಡಿಕೊಟ್ಟ ವಕೀಲರು ಕಾಗದ ನೋಡಿ, ತಾಯಿಯದೊಂದು ಅಫಿಡವಿಟ್ ಇದ್ದರೆ ಒಳ್ಳೆಯದು ಎಂದರು. ಅಷ್ಟೇ ಅಂದದ್ದು, ಇದ್ದರೆ ಒಳ್ಳೆಯದು. ಬರೆಯಬೇಕಾದದ್ದು ಹೀಗೆ: ನಾನು ಅನಕ್ಷರಸ್ಥೆ, ಗಾಬರಿಯಲ್ಲಿ, ಭಾಷೆ ತಿಳಿಯದೆ ತಪ್ಪು ಹೇಳಿದೆ. ನನ್ನ ಮಗನಿಗೆ ಸೈನ್ಯ ಸೇರುವ ಮುಂಚೆ ಎಂದೂ ಮೂರ್ಛೆ ಬಂದಿರಲಿಲ್ಲ. ಇದು ಸತ್ಯವೆಂದು ಪ್ರಮಾಣ ಮಾಡುತ್ತೇನೆ.

ಓದಿ ಹೇಳಿದಾಗ ಅವ್ವ, "ಆಗಲ್ಲ" ಎಂದಳು.

"ಯಾಕಾಗಲ್ಲ?"

"ಬಂದಿತ್ತಲ್ಲಪ್ಪಾ. ಬಂದೇ ಇರ್ಲಿಲ್ಲ ಅಂದ್ರೆ ಆಕೆ ಓಡ್ಸೇ ಇಲ್ಲ ಅಂದಂಗಾಯ್ತು. ಮೂವತ್ತು ವರ್ಷ ಕಣ ತಗೊಂಡೋಗಿ ಉಡಿ ತುಂಬೀನಿ. ಈಗ ಆಕೆ ಏನೂ ಮಾಡ್ಲಿಲ್ಲ ಅಂತ ಬರ್ಕೊಡ್ಲಾ?"

ಲಕ್ಷ್ಮೀದೇವಿ ಮೆಲ್ಲಗೆ ಹೇಳಿ ನೋಡಿದಳು, "ದೇವರಿಗೆ ಎಲ್ಲಾ ಗೊತ್ತಿರ್ತದೆ ಅತ್ತಮ್ಮಾ, ಸರ್ಕಾರಕ್ಕೆ ಗೊತ್ತಿರಲ್ಲ." ರಫೀಕ್ ಭಾಯ್ ಮೊಳಕಾಲ್ಮೂರಿಗೇ ಬಂದು ಜಗುಲಿಯ ಮೇಲೆ ಕೂತು ಒಂದು ಲೋಟ ಮಜ್ಜಿಗೆ ಕುಡಿದು, "ಅಮ್ಮಾ, ನಿಮ್ಮ ಮಗನ ಗೋಲಿಗೋಸ್ಕರ, ಅಷ್ಟೇ" ಎಂದರು. ಗೋಲಿ ಎಂದರೆ ಮಾತ್ರೆ. ಅವ್ವ ಅವರಿಗೆ ಇನ್ನೊಂದು ಲೋಟ ಮಜ್ಜಿಗೆ ಕೊಟ್ಟಳು.

ತಿಂಗಳು ಕಳೆಯಿತು. ಒಂದು ಸಂಜೆ ನಾನು ತಾಳ್ಮೆಗೆಟ್ಟೆ. "ಆಕೆ ಬೇಕಾ, ನಾನು ಬೇಕಾ, ಒಂದು ಹೇಳಿಬಿಡು. ಆಕೆನೇ ಬೇಕಂದ್ರೆ ಮಾತ್ರೆ ನಿಲ್ಲಿಸ್ತೀನಿ. ಹೆಂಗೂ ಓಡಿಸ್ತಾಳಲ್ಲ, ಓಡಿಸ್ಲಿ ನೋಡೋಣ." ಹೇಳಿ ಸುಮ್ಮನಾಗಲಿಲ್ಲ, ಮಾತ್ರೆಯ ಡಬ್ಬಿಯನ್ನು ತೆಗೆದುಕೊಂಡು ಹೋಗಿ ದೇವರ ಗೂಡಿನಲ್ಲಿ ಇಟ್ಟುಬಂದೆ. ಆ ರಾತ್ರಿ ಮಾತ್ರೆ ನುಂಗಲಿಲ್ಲ. ಬೆಳಿಗ್ಗೆ ಎದ್ದಾಗ ಅವ್ವ ಸ್ನಾನ ಮಾಡಿ, ಒಗೆದ ಸೀರೆ ಉಟ್ಟು, ಡಬ್ಬಿ ಕೈಯಲ್ಲಿ ಹಿಡಿದು ನನ್ನ ತಲೆಯ ಹತ್ತಿರ ಕೂತಿದ್ದಳು. "ನುಂಗು. ನಡಿ, ಎಲ್ಲಿಗೆ ಬರ್ಬೇಕು ಹೇಳು" ಎಂದಳು. ಗೆದ್ದೆ ಎಂದು ನನಗೆ ಆಗ ಖುಷಿಯಾಗಿತ್ತು. ಅದನ್ನೂ ಬರೆದುಬಿಡಬೇಕು.

ಚಳ್ಳಕೆರೆ ಕೋರ್ಟಿನ ಹತ್ತಿರದ ನೋಟರಿಯ ಕೋಣೆಯಲ್ಲಿ ಒಂದೇ ಕುರ್ಚಿ. ಅವ್ವನನ್ನು ಅದರ ಮೇಲೆ ಕೂರಿಸಿದರು. ನೋಟರಿ ವಯಸ್ಸಾದವರು, ತರಾತುರಿ ಇಲ್ಲದೆ ಪೂರ್ತಿ ಓದಿದರು. ಅವ್ವ ಕೇಳಿದಳು, "ಇದ್ರಾಗೆ ಆಕೆ ಹೆಸರೈತಾ ಸ್ವಾಮಿ?"

"ಯಾರದಮ್ಮ?"

"ಮಾರಮ್ಮಂದು."

"ಇಲ್ಲಮ್ಮ. ದೇವರ ಹೆಸರೆಲ್ಲ ಯಾಕೆ ಬರುತ್ತೆ? ನಿಮ್ಮದು, ನಿಮ್ಮ ಮಗಂದು ಎರಡೇ."

"ಇಲ್ದಿದ್ರೂ ಆಕೆಗೆ ಗೊತ್ತಾಗ್ತೈತೆ" ಎಂದು ಅವ್ವ ಹೆಬ್ಬೆಟ್ಟು ಚಾಚಿದಳು. ನೂಲು ಹಿಡಿದು ಹಿಡಿದು ಅವಳ ಬೆರಳಿನ ಗೆರೆಗಳು ಸವೆದುಹೋಗಿವೆ, ಮೊದಲ ಸಲ ಒತ್ತಿದ್ದು ಬರೀ ಕಪ್ಪು ಮಚ್ಚೆಯಾಯಿತು. ಎರಡನೆಯ ಸಲವೂ ಸರಿ ಬರಲಿಲ್ಲ. ಮೂರನೆಯ ಸಲ ನಾನೇ ಅವಳ ಬೆರಳು ಹಿಡಿದು ಹೊರಳಿಸಿ ಒತ್ತಿಸಿದೆ. ಮಸಿ ಒರೆಸಿಕೊಳ್ಳಲು ರಫೀಕ್ ಭಾಯ್ ತಮ್ಮ ಕರವಸ್ತ್ರ ಕೊಟ್ಟರು, ಅವಳು ತೆಗೆದುಕೊಳ್ಳಲಿಲ್ಲ.

ಆ ವರ್ಷ ಅವ್ವ ರವಿಕೆ ಕಣ ನೇಯಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ ಎಂದು ಒಂದೇ ಸಲ ಹೇಳಿದಳು. ಕಾಗದದಲ್ಲಿ ಕಟ್ಟಿಟ್ಟಿದ್ದ ಜರಿ ಬೇರೆ ಯಾರದೋ ಸೀರೆಯ ಸೆರಗಿಗೆ ಹೋಯಿತು. ಮಾರಮ್ಮನ ಹೆಸರು ಹೇಳದೆ ಒಲೆ ಹಚ್ಚದವಳು ಆ ಹೆಸರೆತ್ತುವುದನ್ನೇ ಬಿಟ್ಟಳು. ನನ್ನನ್ನು ಕರೆಯುವಾಗಲೂ ಮಾರಣ್ಣ ಎನ್ನದೆ, "ಏನಪ್ಪಾ" ಎನ್ನತೊಡಗಿದಳು.

ಅಷ್ಟರಲ್ಲಿ ನನ್ನ ಮಾತ್ರೆ ಸಿಗುವುದು ನಿಂತಿತು. ಮೆಡಿಕಲ್ ಶಾಪಿನವನು, ಅದೇ ಔಷಧಿ, ಕಂಪನಿ ಮಾತ್ರ ಬೇರೆ ಎಂದು ಇನ್ನೊಂದು ಕೊಟ್ಟ. ನನ್ನ ತಲೆಗೆ ಅದು ಒಗ್ಗಲಿಲ್ಲ. ಒಂದೇ ತಿಂಗಳಲ್ಲಿ ನಾಲ್ಕು ಸಲ ಬಿದ್ದೆ. ನಾಲ್ಕನೆಯ ಸಲ ಭುಜದ ಕೀಲು ತಪ್ಪಿತು. ಪ್ರತಿ ಸಲ ಎಚ್ಚರವಾದಾಗಲೂ ಅವ್ವ ಗೋಡೆಗೆ ಅಂಟಿಕೊಂಡು ನಿಂತಿರುತ್ತಿದ್ದಳು, ಮುಂಚಿನ ಹಾಗೆ ಹತ್ತಿರ ಬರುತ್ತಿರಲಿಲ್ಲ. ಕೇಳಿದರೆ, "ನಾನು ಮುಟ್ಟಿದ್ರೆ ಜಾಸ್ತಿ ಆಗ್ತೈತೇನೋ. ಆಕೆ ಕೇಳ್ತಾವ್ಳೆ, ಬಂದಿರ್ಲಿಲ್ಲ ಅಂದ್ಯಲ್ಲ, ಈಗ ನೋಡು ಅಂತ" ಎಂದಳು.

ಹೀಗೆ ಬಿಟ್ಟರೆ ಆಗದು ಎಂದು ಅವಳನ್ನೂ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಒಳ್ಳೆಯವರು, ಎರಡೂ ಮಾತ್ರೆಗಳನ್ನು ಅಂಗೈಯಲ್ಲಿಟ್ಟು, ಇದು ಬದಲಾದದ್ದಕ್ಕೆ ಹೀಗಾಗಿದೆ ತಾಯಿ, ಇನ್ನೇನೂ ಅಲ್ಲ ಎಂದು ಬಿಡಿಸಿ ಹೇಳಿದರು. ಅವ್ವ ತಲೆಯಾಡಿಸುತ್ತ ಕೇಳಿದಳು. ಹೊರಗೆ ಬಂದ ಮೇಲೆ, "ಡಾಕ್ಟ್ರಿಗೇನು ಗೊತ್ತಪ್ಪಾ, ಅವ್ರೇನು ಹೆಬ್ಬೆಟ್ಟು ಒತ್ತವ್ರಾ" ಎಂದಳು. ಹಳೆಯ ಮಾತ್ರೆ ಮತ್ತೆ ಸಿಕ್ಕಿ ಫಿಟ್ಸ್ ಕಡಿಮೆಯಾದದ್ದು ಅವಳಿಗೆ ಲೆಕ್ಕಕ್ಕೇ ಬರಲಿಲ್ಲ.

ನ್ಯಾಯಮಂಡಳಿಯ ಆದೇಶ ಬಂದದ್ದು ಕಳೆದ ವರ್ಷ. ವಕೀಲರು ಅದನ್ನು ರಫೀಕ್ ಭಾಯ್ ಫೋನಿಗೆ ಕಳಿಸಿದ್ದರು. ನನ್ನನ್ನು ಗ್ಯಾರೇಜಿಗೆ ಕರೆಸಿ, ಮೊದಲೇ ಸ್ಟೂಲಿನ ಮೇಲೆ ಕೂರಿಸಿ ಹೇಳಿದರು, "ಜೀತ್ ಗಯೇ ಮಾರಣ್ಣ. ಪಿಂಚಣಿ ಕೊಡ್ಬೇಕು ಅಂದವ್ರೆ. ಕಾರ್ಡೂ ಆಗ್ತೈತೆ." ಪಕ್ಕದ ಹೋಟೆಲಿನಿಂದ ಟೀ ಬಂತು. ನಾನು ಅತ್ತೆ. ಅವರು ಪಂಪಿನ ನಟ್ಟು ಬಿಗಿಯುವವರಂತೆ ಆ ಕಡೆ ತಿರುಗಿ ಕೂತರು.

ಸಮಾಧಾನವಾದ ಮೇಲೆ ಪೂರ್ತಿ ಓದಿ ಎಂದೆ. ಅವರು ಒಂದೊಂದೇ ಸಾಲನ್ನು ಕನ್ನಡಕ್ಕೆ ತಂದು ಹೇಳಿದರು. ಇವನನ್ನು ಸೇರಿಸಿಕೊಳ್ಳುವಾಗ ಸೈನ್ಯದ ಡಾಕ್ಟರುಗಳೇ ಪರೀಕ್ಷಿಸಿದ್ದಾರೆ, ಯಾವ ಕಾಯಿಲೆಯನ್ನೂ ಬರೆದಿಲ್ಲ. ಒಂಬತ್ತು ವರ್ಷ ಚೆನ್ನಾಗಿಯೇ ಕೆಲಸ ಮಾಡಿದ್ದಾನೆ. ಆದ್ದರಿಂದ ಕಾಯಿಲೆ ಸೇವೆಯಲ್ಲೇ ಬಂದದ್ದೆಂದು ತಿಳಿಯಬೇಕು. ಶಿಶುವಾಗಿದ್ದಾಗ ಜ್ವರದಲ್ಲಿ ಒಮ್ಮೆ ಮೂರ್ಛೆ ಬಂದಿತ್ತೆಂಬ ತಾಯಿಯ ಹೇಳಿಕೆಯನ್ನು ನಿಜವೆಂದೇ ಇಟ್ಟುಕೊಂಡರೂ ಅದು ಬೇರೆ, ಈ ಕಾಯಿಲೆ ಬೇರೆ. ತಾಯಿ ಆಮೇಲೆ ಕೊಟ್ಟ ಅಫಿಡವಿಟ್ಟನ್ನು ನೋಡುವ ಅಗತ್ಯ ನಮಗೆ ಕಾಣಲಿಲ್ಲ.

ರಫೀಕ್ ಭಾಯ್ ಆ ಕೊನೆಯ ಸಾಲನ್ನು ಎರಡು ಸಲ ಓದಿದರು. "ಅಂದ್ರೆ ಅಮ್ಮ ಮೊದ್ಲು ಹೇಳಿದ್ದೇ ಇಟ್ಕೊಂಡ್ರೂ ನೀನು ಗೆಲ್ತಿದ್ದೆ."

ನಾನು ಟೀ ಲೋಟವನ್ನು ಸ್ಟೂಲಿನ ಪಕ್ಕ ಕೆಳಗಿಟ್ಟೆ.

"ಅಷ್ಟು ವಯಸ್ಸಾದೋರ್ನ ಕರ್ಕೊಂಡೋಗಿ ಒತ್ಸಿದ್ನಲ್ಲೋ" ಎಂದರು ಅವರು. "ಅಲ್ಲಾ ಮಾಫ್ ಮಾಡ್ಲಿ. ಅಮ್ಮಂಗೆ ಹೇಳ್ತೀಯೇನು?"

"ನೀವಾದ್ರೆ ಏನ್ ಮಾಡ್ತಿದ್ರಿ ಭಾಯ್?"

"ಗೊತ್ತಿಲ್ಲ. ನಿಮ್ಮವ್ವ ಅವ್ರು, ನಿನಗೇ ಗೊತ್ತು."

ಮೊಳಕಾಲ್ಮೂರಿಗೆ ಬರುವ ದಾರಿಯುದ್ದಕ್ಕೂ ಯೋಚಿಸಿದೆ. ನಿಜ ಹೇಳಿದರೆ, ನಿನ್ನ ಸುಳ್ಳು ಬೇಕೇ ಇರಲಿಲ್ಲ, ನಿನ್ನ ದೇವರನ್ನು ನೀನು ಸುಮ್ಮನೆ ಕಳೆದುಕೊಂಡೆ, ಹಾಗೆ ಮಾಡಿಸಿದವನು ನಾನು ಎಂದು ಹೇಳಿದ ಹಾಗೆ. ಸುಳ್ಳು ಹೇಳಿದರೆ, ಅವಳ ಸುಳ್ಳಿಗೊಂದು ಅರ್ಥವಾದರೂ ಇರುತ್ತದೆ. ಮನೆ ಹತ್ತಿರವಾದಷ್ಟೂ ಎರಡನೆಯದೇ ಕರುಣೆ ಎನ್ನಿಸತೊಡಗಿತು. ಅದರಲ್ಲಿ ನನಗೂ ಅನುಕೂಲವಿತ್ತು ಎಂಬುದು ಈಗ ಬರೆಯುವಾಗ ಕಾಣುತ್ತಿದೆ.

ಸುದ್ದಿ ಕೇಳಿ ಲಕ್ಷ್ಮೀದೇವಿ ಕುಣಿಯಿಂದ ಮೇಲೆದ್ದು ಬಂದಳು. ಮಗಳು ಪಕ್ಕದ ಮನೆಗೆ ಹೇಳಲು ಓಡಿದಳು. ಅವ್ವ ಕೂತಲ್ಲಿಂದ ಏಳಲಿಲ್ಲ. "ನನ್ನ ಮಾತಿಗಾ ಬಂದಿದ್ದು?" ಎಂದು ಕೇಳಿದಳು.

"ಹೂನವ್ವ. ನಿನ್ನ ಮಾತಿಗೇ."

"ಹಂಗಾದ್ರೆ ಸರಿ" ಎಂದಳು. "ನಿನಗೆ ದಾರಿ ಆಯ್ತಲ್ಲ. ಇನ್ನು ನನಗೂ ಆಕೆಗೂ ಇರೋದು. ನಾನು ನೋಡ್ಕೊಂತೀನಿ."

ಈಗ ಕಾರ್ಡು ಬಂದಿದೆ. ಮಾತ್ರೆ ತಪ್ಪುವುದಿಲ್ಲ. ಸರದಿಯಲ್ಲಿ ನಿಂತರೂ ಮರ್ಯಾದೆಯ ಸರದಿ. ಫಿಟ್ಸ್ ಪೂರ್ತಿ ಹೋಗಿಲ್ಲ, ಹೋಗುವುದೂ ಇಲ್ಲ ಎಂದಿದ್ದಾರೆ, ನಾಲ್ಕೈದು ತಿಂಗಳಿಗೊಮ್ಮೆ ಬರುತ್ತದೆ. ನಾನು ಅದಕ್ಕೆ ಒಗ್ಗಿಕೊಂಡಿದ್ದೇನೆ. ಮನೆಯಲ್ಲಿ ಚೂಪು ಮೂಲೆಗಳಿಗೆಲ್ಲ ಮಗಳು ಹಳೆಯ ಬಟ್ಟೆ ಸುತ್ತಿದ್ದಾಳೆ.

ಎರಡು ತಿಂಗಳ ಹಿಂದೆ ಬಂತು, ಜೋರಾಗಿಯೇ. ಎಚ್ಚರವಾದಾಗ ನನ್ನ ತಲೆ ಅವ್ವನ ತೊಡೆಯ ಮೇಲಿತ್ತು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ, ಅವಳೇ ಗೋಡೆ ಬಿಟ್ಟು ಬಂದಿದ್ದಳು. ನನ್ನ ಎದೆಯ ಮೇಲೆ ಕೈಯಿಟ್ಟುಕೊಂಡು, ಎಷ್ಟೋ ವರ್ಷದ ಮೇಲೆ ಆ ಹೆಸರೆತ್ತಿ ಮಾತಾಡುತ್ತಿದ್ದಳು. "ಸುಳ್ಳು ಹೇಳಿದ್ದು ನಾನು ಮಾರಮ್ಮಾ. ಇವನದೇನೈತೆ ಇದ್ರಾಗೆ. ಬಾಯಿ ನಂದು, ಬೆಟ್ಟು ನಂದು. ನನ್ನ ತಗಾ, ಇವನ ಬಿಡು." ಅದನ್ನೇ ಮತ್ತೆ ಮತ್ತೆ ಹೇಳುತ್ತಿದ್ದಳು.

ನಿನ್ನ ಸುಳ್ಳನ್ನು ಯಾರೂ ಓದಲೇ ಇಲ್ಲ ಅವ್ವ, ಅದರಿಂದ ನನಗೆ ಏನೂ ಸಿಗಲಿಲ್ಲ, ನೀನು ಯಾರಿಗೂ ಏನೂ ಕೊಡಬೇಕಾಗಿಲ್ಲ ಎಂದು ಆ ಗಳಿಗೆಯಲ್ಲಿ ನಿಜವಾಗಿಯೂ ಹೇಳಬೇಕೆನ್ನಿಸಿತು. ಬಾಯಿ ತೆರೆದೆ. ಫಿಟ್ಸಿನಲ್ಲಿ ನಾಲಿಗೆ ಕಚ್ಚಿಕೊಂಡಿದ್ದೆ, ಅದು ಊದಿ ಬಾಯಿ ತುಂಬಿತ್ತು. ರಕ್ತ ಬಂತೇ ಹೊರತು ಮಾತು ಬರಲಿಲ್ಲ. ಅವ್ವ ಸೆರಗಿನಿಂದ ಒರೆಸಿದಳು.

ನಾಲಿಗೆ ಎಂಟು ದಿನಕ್ಕೇ ವಾಸಿಯಾಯಿತು. ಇನ್ನೂ ಹೇಳಿಲ್ಲ.